ಎಸ್‌ಪಿ ಸಾಕಾ, ಕಮಿಷನರ್ ಬೇಕಾ? ನಿಮ್ಮ ಊರಿಗೆ ಯಾವ ಪೊಲೀಸ್ ವ್ಯವಸ್ಥೆ ಹೊಂದುತ್ತೆ

ಊರು ಸ್ವಲ್ಪ ಬೆಳೆದ ಕೂಡಲೇ ಈ ಬೇಡಿಕೆ ಶುರುವಾಗುತ್ತದೆ. ಮಹಾನಗರ ಪಾಲಿಕೆ ಆಯ್ತು, ರಿಂಗ್ ರೋಡ್ ಆಯ್ತು, ಇನ್ನು ಪೊಲೀಸ್ ಕಮಿಷನರೇಟ್ ಆಗಲೇಬೇಕು ಅಂತ. ಎಲ್ಲಾದರೂ ಒಂದು ಗಲಾಟೆ ನಡೆದರಂತೂ ಮಾರನೇ ದಿನವೇ ಯಾರಾದರೂ ಮುಖಂಡರು ಹೇಳಿಕೆ ಕೊಡುತ್ತಾರೆ. ಕಮಿಷನರ್ ಬಂದರೆ ಏನು ಬದಲಾಗುತ್ತೆ ಅಂತ ಕೇಳಿ ನೋಡಿ. "ದೊಡ್ಡ ಅಧಿಕಾರಿ ಬರ್ತಾರೆ, ಪೊಲೀಸರು ಜಾಸ್ತಿ ಆಗ್ತಾರೆ" ಅನ್ನುತ್ತಾರೆ. ಮೊದಲನೆಯದು ನಿಜ. ಎರಡನೆಯದು ಆಗಲೂಬಹುದು, ಆಗದೆಯೂ ಇರಬಹುದು. ಆದರೆ ಖಂಡಿತ ಬದಲಾಗುವ ಒಂದು ಸಂಗತಿ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೆಲವು ಗಟ್ಟಿ ಆದೇಶಗಳಿಗೆ ಇಷ್ಟು ದಿನ ಸಹಿ ಹಾಕುತ್ತಿದ್ದವರು ಒಬ್ಬರು, ಇನ್ನು ಮೇಲೆ ಹಾಕುವವರು ಇನ್ನೊಬ್ಬರು.

ಮೊದಲು ಗುರುತು ಹಿಡಿಯೋಣ. ಜಿಲ್ಲೆಯಲ್ಲಿ ಪೊಲೀಸರಿಗೆ ಎಸ್‌ಪಿ, ಅಂದರೆ ಪೊಲೀಸ್ ವರಿಷ್ಠಾಧಿಕಾರಿ, ಮುಖ್ಯಸ್ಥರು. ಕೆಳಗೆ ಡಿವೈಎಸ್‌ಪಿ, ಸರ್ಕಲ್ ಇನ್‌ಸ್ಪೆಕ್ಟರ್, ಠಾಣೆಗೆ ಒಬ್ಬ ಸಬ್ ಇನ್‌ಸ್ಪೆಕ್ಟರ್. ಮೇಲೆ ಕೆಲವು ಜಿಲ್ಲೆಗಳು ಸೇರಿದ ವಲಯಕ್ಕೆ ಒಬ್ಬ ಐಜಿಪಿ. ಪಕ್ಕದಲ್ಲೇ ಜಿಲ್ಲಾಧಿಕಾರಿ, ಅಂದರೆ ನಮ್ಮ ಡಿಸಿ, ಜಿಲ್ಲಾ ದಂಡಾಧಿಕಾರಿಯೂ (ಜಿಲ್ಲಾ ಮ್ಯಾಜಿಸ್ಟ್ರೇಟ್) ಅವರೇ. ಕಮಿಷನರೇಟ್ ಇರುವ ಕಡೆ ಕಮಿಷನರ್, ಅವರ ಕೆಳಗೆ ಎಸ್‌ಪಿ ದರ್ಜೆಯ ಡಿಸಿಪಿಗಳು (ಉಪ ಪೊಲೀಸ್ ಕಮಿಷನರ್), ಆಮೇಲೆ ಎಸಿಪಿಗಳು, ಠಾಣೆಗೆ ಇನ್‌ಸ್ಪೆಕ್ಟರ್. ಕರ್ನಾಟಕದಲ್ಲಿ ಸದ್ಯ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ, ಈ ಆರು ಕಡೆ ಕಮಿಷನರ್ ಇದ್ದಾರೆ. ಉಳಿದ ಕಡೆ ಎಲ್ಲಾ ಎಸ್‌ಪಿ.

ಎರಡೂ ಹುಟ್ಟಿದ್ದು ಬೇರೆ ಬೇರೆ ಭಯಗಳಿಂದ

ಇತಿಹಾಸ ಯಾಕೆ ಅಂತೀರಾ? ಈ ಎರಡು ವ್ಯವಸ್ಥೆಗಳನ್ನು ಯಾರೋ ಒಟ್ಟಿಗೆ ಕೂತು ಅಳೆದು ತೂಗಿ ಮಾಡಿದ್ದಲ್ಲ. ಯಾವ ಊರಿನ ಯಾವ ಕಷ್ಟಕ್ಕೆ ಯಾವುದು ಬಂತು ಅಂತ ಗೊತ್ತಾದರೆ ಆಯ್ಕೆ ಅರ್ಧ ಸಲೀಸಾಗುತ್ತದೆ.

ಕಮಿಷನರ್ ಬೇರು ಲಂಡನ್ನಿನಲ್ಲಿದೆ. 1829ರಲ್ಲಿ ಅಲ್ಲಿನ ಗೃಹ ಕಾರ್ಯದರ್ಶಿ ರಾಬರ್ಟ್ ಪೀಲ್ ಮೆಟ್ರೋಪಾಲಿಟನ್ ಪೊಲೀಸ್ ಕಾಯ್ದೆ ತಂದರು. ಅದೇ ವರ್ಷ ಸೆಪ್ಟೆಂಬರ್ 29ಕ್ಕೆ ಪೊಲೀಸರು ಬೀದಿಗಿಳಿದರು. ಜನರಿಗೆ ಸೈನ್ಯ ಅಂದರೆ ಆಗುತ್ತಿರಲಿಲ್ಲ. ಅದಕ್ಕೇ ಸೈನಿಕರ ಕೆಂಪು ಕೋಟು ಬಿಟ್ಟು ನೀಲಿ ಕೋಟು ಹಾಕಿಸಿದರು, ಬಂದೂಕು ಕೊಡದೆ ಲಾಠಿ ಮಾತ್ರ ಕೊಟ್ಟರು. ಮುಖ್ಯಸ್ಥರು ಇಬ್ಬರು. ಚಾರ್ಲ್ಸ್ ರೋವನ್ ಸೈನ್ಯದಿಂದ ಬಂದವರು, ರಿಚರ್ಡ್ ಮೇನ್ ವಕೀಲರು. ಇಬ್ಬರಿಗೂ ಮ್ಯಾಜಿಸ್ಟ್ರೇಟ್ ಪಟ್ಟ ಕೊಟ್ಟರು. ಆದರೆ ಶಾಂತಿ ಕಾಪಾಡಲು, ಅಪರಾಧ ತಡೆಯಲು, ಆರೋಪಿಗಳನ್ನು ಹಿಡಿದು ಒಪ್ಪಿಸಲು ಮಾತ್ರ ಅದನ್ನು ಬಳಸಬೇಕು, ಸೆಷನ್ಸ್ ಕೋರ್ಟಿನಲ್ಲಿ ಕೂರುವಂತಿಲ್ಲ ಅಂತ ಕಾಯ್ದೆಯಲ್ಲೇ ಬೇಲಿ ಹಾಕಿದರು. ಪೊಲೀಸ್ ಅಧಿಕಾರ, ಮ್ಯಾಜಿಸ್ಟ್ರೇಟ್ ಅಧಿಕಾರ ಎರಡೂ ಒಬ್ಬರ ಕೈಗೆ ಬಂದದ್ದು ಹಾಗೆ. ಬೇಲಿಯೂ ಅದರ ಜೊತೆಗೇ ಬಂತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಕಂಪನಿ ಸರ್ಕಾರ 1856ರ ಕಾಯ್ದೆಯ ಮೂಲಕ ಕಲ್ಕತ್ತಾ, ಮದ್ರಾಸು, ಮುಂಬಯಿ ಮೂರೂ ಊರುಗಳಿಗೆ ಈ ಲಂಡನ್ ಮಾದರಿಯ ಕಮಿಷನರ್ ಪದ್ಧತಿ ತಂದಿತು. ಅವು ಬಂದರು ಪಟ್ಟಣಗಳು. ಯುರೋಪಿಯನ್ ವ್ಯಾಪಾರಿಗಳು ಇದ್ದ ಜಾಗ, ಹೈಕೋರ್ಟಿಗೂ ಮೊದಲೇ ಸುಪ್ರೀಂ ಕೋರ್ಟ್ ಇದ್ದ ಜಾಗ, ಅಂದರೆ ಪೊಲೀಸರು ತಪ್ಪು ಮಾಡಿದರೆ ಕೇಳುವವರು ಪಕ್ಕದ ಬೀದಿಯಲ್ಲೇ ಇದ್ದರು.

ಎಸ್‌ಪಿ ಬೇರು ಬೇರೆ ಕಡೆ ಇದೆ. ಐರ್ಲೆಂಡ್‌ನಲ್ಲಿ 1836ರಲ್ಲಿ ಒಂದು ಪೊಲೀಸ್ ಪಡೆ ಕಟ್ಟಿದರು. ಅವರ ಕೈಯಲ್ಲಿ ಬಂದೂಕು, ವಾಸ ಬ್ಯಾರಕ್ಕಿನಲ್ಲಿ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅದನ್ನೇ ನೋಡಿ ಅಲ್ಲೊಂದು ಪೊಲೀಸ್ ಕಟ್ಟಿದರು, ಅದಕ್ಕೆ ಅದರದೇ ಅಧಿಕಾರಿಗಳನ್ನು ಕೊಟ್ಟರು. ಉಳಿದ ಪ್ರಾಂತ್ಯಗಳು ಇದರ ಮೇಲೆ ಕಣ್ಣಿಟ್ಟಿದ್ದವು.

ನಮಗೆ ಹತ್ತಿರದ ಕತೆ ಮದ್ರಾಸಿನದು. ಆಗ ದಕ್ಷಿಣ ಕನ್ನಡ, ಬಳ್ಳಾರಿ ಎಲ್ಲಾ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲಿ ತಹಶೀಲ್ದಾರರೇ ಕಂದಾಯ ವಸೂಲಿ ಮಾಡುತ್ತಿದ್ದರು, ತಹಶೀಲ್ದಾರರೇ ಪೊಲೀಸ್ ಕೆಲಸವನ್ನೂ ನೋಡುತ್ತಿದ್ದರು. ಬೆಳೆ ಕೈಕೊಟ್ಟು ಕಂದಾಯ ಕಟ್ಟದ ರೈತನ ಗತಿ ಏನಾಗಿರಬೇಕು ಊಹಿಸಿ. 1855ರಲ್ಲಿ ಮದ್ರಾಸಿನ ಚಿತ್ರಹಿಂಸೆ ಆಯೋಗ ವರದಿ ಕೊಟ್ಟಿತು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಪಡೆಯಲಿಕ್ಕೂ ಹಿಂಸೆ ಕೊಡುತ್ತಿದ್ದದ್ದು ನಿಜ ಅಂತ ಅದು ಹೇಳಿತು. ಎರಡು ಅಧಿಕಾರ ಒಂದೇ ಕೈಯಲ್ಲಿ ಇರುವುದೇ ರೋಗದ ಮೂಲ ಅಂತ ಅರ್ಥವಾಯ್ತು. 1859ರಲ್ಲಿ ಮದ್ರಾಸಿಗೆ ಹೊಸ ಪೊಲೀಸ್ ಕಾಯ್ದೆ ಬಂತು. 1857ರ ದಂಗೆಯ ಬಿಸಿಯೂ ಇತ್ತು, ಖರ್ಚು ಕಡಿಮೆ ಮಾಡುವ ಆತುರವೂ ಇತ್ತು. 1860ರಲ್ಲಿ ಪೊಲೀಸ್ ಆಯೋಗ ಕೂತು, 1861ರಲ್ಲಿ ಇಡೀ ದೇಶಕ್ಕೆ ಮಾದರಿಯಾದ ಪೊಲೀಸ್ ಕಾಯ್ದೆ ಹೊರಬಂತು. ಅದರ 4ನೇ ಕಲಂ ಪ್ರಕಾರ ಜಿಲ್ಲೆಯ ಪೊಲೀಸ್ ಆಡಳಿತ ಎಸ್‌ಪಿಯದು, ಆದರೆ ಅದು ಜಿಲ್ಲಾ ಮ್ಯಾಜಿಸ್ಟ್ರೇಟರ ಸಾಮಾನ್ಯ ಹತೋಟಿಯಲ್ಲಿ ಇರಬೇಕು. ಡಿಸಿ ಮತ್ತು ಎಸ್‌ಪಿ ಇಬ್ಬರೂ ಒಂದೇ ಮೀಟಿಂಗಿನಲ್ಲಿ ಅಕ್ಕಪಕ್ಕ ಕೂರುವ ಪದ್ಧತಿಗೆ ಇದೇ ಅಡಿಪಾಯ.

ಇದನ್ನೆಲ್ಲಾ ಬ್ರಿಟಿಷರು ಪ್ರಜೆಗಳ ಮೇಲಿನ ಪ್ರೀತಿಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಕಲೆಕ್ಟರನ ಕೈ ಬಲವಾಗಿರಬೇಕು ಅನ್ನುವುದೇ ಅವರ ಲೆಕ್ಕಾಚಾರ. ಆದರೂ ಕೇಳುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು ಅನ್ನುವ ಏರ್ಪಾಡು ಅದರ ಜೊತೆಯಲ್ಲೇ ಉಳಿದುಕೊಂಡಿತು.

ಮೈಸೂರು ಸೀಮೆಯದು ಇನ್ನೊಂದು ಥರ. ತಾಲ್ಲೂಕಿನ ಅಮಲ್ದಾರರ ಕೈಕೆಳಗೆ ಕಂದಾಚಾರದವರು ಇದ್ದರು, ಅರ್ಧ ಸೈನ್ಯ ಅರ್ಧ ಪೊಲೀಸು. ಹಳ್ಳಿಯಲ್ಲಿ ಪಟೇಲರು, ತಳವಾರರು. ಉತ್ತರ ಕರ್ನಾಟಕದ ಕಡೆ ಕಂದಾಯ ನೋಡುವ ಮುಲ್ಕಿ ಗೌಡ ಬೇರೆ, ಪೊಲೀಸ್ ಗೌಡ ಬೇರೆ, ಜೊತೆಗೆ ಊರ ಚಾಕರಿಗೆ ಬದಲಾಗಿ ಹೊಲ ಪಡೆದ ಶೇತಸನದಿಗಳು. ಊರಿಗೆ ಹೊಸಬರು ಬಂದರೆ ತಳವಾರನಿಗೆ ಗೊತ್ತಾಗುತ್ತಿತ್ತು, ಅವನಿಂದ ಪಟೇಲರಿಗೆ, ಅಲ್ಲಿಂದ ಅಮಲ್ದಾರರಿಗೆ. ಈ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ತೆಗೆದುಹಾಕಿತು. ತೆಗೆದದ್ದು ಸರಿಯೇ, ಜಾತಿಗೆ ಕಟ್ಟಿಹಾಕಿದ ಬಿಟ್ಟಿ ಚಾಕರಿ ಅದು. ಆದರೆ ಡಿಸಿಗೆ ಪೊಲೀಸರನ್ನು ಬಿಟ್ಟು ಬೇರೆ ದಾರಿಯಿಂದ ಸುದ್ದಿ ಬರುತ್ತಿದ್ದದ್ದು ಆಮೇಲೆ ತೆಳ್ಳಗಾಯ್ತು. ಎಸ್‌ಪಿ ವ್ಯವಸ್ಥೆಯನ್ನು ಹೊಗಳುವವರು ಇದನ್ನು ಒಪ್ಪಿಕೊಳ್ಳಬೇಕು.

ಏಕೀಕರಣದ ಹೊತ್ತಿಗೆ ನಮ್ಮಲ್ಲಿ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಲ್ಲದರ ಪೊಲೀಸ್ ಪದ್ಧತಿಗಳೂ ಇದ್ದವು. ಅವನ್ನೆಲ್ಲಾ ಒಂದು ಮಾಡಿದ್ದು ಕರ್ನಾಟಕ ಪೊಲೀಸ್ ಕಾಯ್ದೆ 1963. ಬೆಂಗಳೂರಿಗೆ ಕಮಿಷನರ್ ಬಂದದ್ದೂ 1963ರಲ್ಲೇ. ದೆಹಲಿಗೆ ಬಂದದ್ದು 1978ರಲ್ಲಿ, ಅಂದರೆ ನಾವು ದೆಹಲಿಗಿಂತ ಹದಿನೈದು ವರ್ಷ ಮುಂದಿದ್ದೆವು! ಲಖನೌ, ನೋಯ್ಡಾಗಳಿಗೆ 2020ರವರೆಗೂ ಇರಲಿಲ್ಲ. ಭೋಪಾಲ್, ಇಂದೋರ್‌ಗೆ 2021ರ ಡಿಸೆಂಬರ್‌ನಲ್ಲಿ ಬಂತು.

ಸಹಿ ಯಾರದು?

ಈಗ ಅಸಲಿ ವಿಷಯ. ನಾಲ್ಕು ಕಾಗದಗಳನ್ನು ಮುಂದಿಟ್ಟುಕೊಳ್ಳಿ: ನಿಷೇಧಾಜ್ಞೆ, ಗಡಿಪಾರು, ಮುಚ್ಚಳಿಕೆ, ಬಂದೂಕಿನ ಲೈಸೆನ್ಸು.

ನಿಷೇಧಾಜ್ಞೆ ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 144. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163ನೇ ಕಲಂ, ಜನ ಮಾತ್ರ ಇನ್ನೂ ನೂರಾ ನಲವತ್ತನಾಲ್ಕು ಅಂತಲೇ ಅನ್ನುತ್ತಾರೆ. ಶಿವಮೊಗ್ಗದಲ್ಲಿ ಗಲಾಟೆ ಆಗುವ ಸೂಚನೆ ಇದೆ ಅಂದುಕೊಳ್ಳಿ. ಎಸ್‌ಪಿ ಒಂದು ಪತ್ರ ಬರೆಯುತ್ತಾರೆ, ಹೀಗೀಗಿದೆ, ಇಂಥ ಠಾಣಾ ವ್ಯಾಪ್ತಿಯಲ್ಲಿ ಇಷ್ಟು ದಿನ ನಿಷೇಧಾಜ್ಞೆ ಬೇಕು ಅಂತ. ಡಿಸಿ ಅದನ್ನು ನೋಡಿ ಆದೇಶ ಹೊರಡಿಸುತ್ತಾರೆ. ಆದೇಶದ ಮೇಲ್ಭಾಗದಲ್ಲೇ ಓದಿ, "ಪೊಲೀಸ್ ವರಿಷ್ಠಾಧಿಕಾರಿಗಳ ಪತ್ರ" ಅಂತ ಉಲ್ಲೇಖ ಇರುತ್ತದೆ, ಕೊನೆಗೆ ಜಿಲ್ಲಾ ದಂಡಾಧಿಕಾರಿಗಳ ಸಹಿ. ಎರಡು ಕಚೇರಿ, ಎರಡು ಕಡತ. ಬೆಂಗಳೂರಿನಲ್ಲಾದರೆ ಡಿಸಿಪಿಗಳು ವರದಿ ಕೊಡುತ್ತಾರೆ, ಕಮಿಷನರ್ ಸಹಿ ಹಾಕುತ್ತಾರೆ. ಕೇಳಿದ್ದೂ ಕೊಟ್ಟಿದ್ದೂ ಒಂದೇ ಇಲಾಖೆ.

ಡಿಸಿ ಏನು ಯಾವಾಗಲೂ ಬೇಡ ಅನ್ನುತ್ತಾರಾ? ಇಲ್ಲ. ಎಷ್ಟೋ ಸಲ ಎಸ್‌ಪಿ ಕೇಳಿದ ಹಾಗೇ ಆದೇಶ ಬರುತ್ತದೆ. ಆದರೂ ಇನ್ನೊಬ್ಬರಿಗೆ ಕಾರಣ ಬರೆದು ಒಪ್ಪಿಸಬೇಕು ಅನ್ನುವುದೇ ಒಂದು ಲಗಾಮು. ಅದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಗಳ ಹೊತ್ತಿಗೆ ಕಮಿಷನರ್ ಇಡೀ ನಗರಕ್ಕೆ ನಿಷೇಧಾಜ್ಞೆ ಹಾಕಿದರು. 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಆದೇಶ ಕಾನೂನಿಗೆ ವಿರುದ್ಧ ಅಂದಿತು. ಡಿಸಿಪಿಗಳ ವರದಿಗಳನ್ನು ಎತ್ತಿ ಬರೆದದ್ದು ಬಿಟ್ಟರೆ ಕಮಿಷನರ್ ಸ್ವಂತವಾಗಿ ಯೋಚಿಸಿ ಒಂದು ಅಭಿಪ್ರಾಯಕ್ಕೆ ಬಂದ ಗುರುತು ಅದರಲ್ಲಿ ಇರಲಿಲ್ಲ. ತೀರ್ಪು ಬರುವಷ್ಟರಲ್ಲಿ ಆದೇಶದ ಅವಧಿ ಮುಗಿದು ಎಷ್ಟೋ ದಿನ ಆಗಿತ್ತು ಅನ್ನುವುದು ಬೇರೆ ಮಾತು.

ಮುಚ್ಚಳಿಕೆ ವಿಷಯ ಇನ್ನೂ ಸ್ವಾರಸ್ಯ. ಗಣೇಶನ ಹಬ್ಬ, ಚುನಾವಣೆ ಬಂತು ಅಂದರೆ ರೌಡಿಶೀಟರ್‌ಗಳಿಂದ, ಹಿಂದೆ ಗಲಾಟೆ ಮಾಡಿದವರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಹಳೇ 107, 110ನೇ ಕಲಂಗಳು ಇದಕ್ಕೇ ಇದ್ದವು. ಶಾಂತಿ ಕಾಪಾಡುತ್ತೇನೆ ಅನ್ನುವ ಬಾಂಡ್ ಒಂದು ವರ್ಷದವರೆಗೆ, ಸದ್ವರ್ತನೆಯ ಬಾಂಡ್ ಮೂರು ವರ್ಷದವರೆಗೆ. ತಾಲ್ಲೂಕಿನಲ್ಲಾದರೆ ಇವರನ್ನೆಲ್ಲಾ ಅಲ್ಲಿನ ಮ್ಯಾಜಿಸ್ಟ್ರೇಟ್ ಆಗಿರುವ ತಹಶೀಲ್ದಾರರ ಮುಂದೆ ನಿಲ್ಲಿಸಬೇಕು. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ ಬಂದ ಜನ ಕಾಯುವ ಅದೇ ಜಗಲಿಯಲ್ಲಿ ಇವರೂ ಕಾಯುತ್ತಾರೆ, ಕೇಸ್ ವರ್ಕರ್ ಹೆಸರು ಕೂಗಿದಾಗ ಒಳಗೆ ಹೋಗುತ್ತಾರೆ, ತಹಶೀಲ್ದಾರರು ಫೈಲಿನಿಂದ ತಲೆ ಎತ್ತಿ "ಏನಪ್ಪಾ, ನಿನ್ನ ಮೇಲೆ ಏನು ಕೇಸು?" ಅಂತ ಒಂದು ಮಾತು ಕೇಳುತ್ತಾರೆ. ಆ ಒಂದು ಮಾತು ದೊಡ್ಡದು. ಪಕ್ಷದವರ ಮಾತು ಕೇಳಿ ಸುಮ್ನೆ ಸೇರಿಸಿದ ಹೆಸರಾಗಿದ್ದರೆ ಅಲ್ಲೇ ಹೇಳಿಕೊಳ್ಳಬಹುದು. ಕಮಿಷನರೇಟಿನಲ್ಲಿ ಈ ಕೆಲಸ ಪೊಲೀಸ್ ಅಧಿಕಾರಿಯ ಕಚೇರಿಯಲ್ಲೇ ಮುಗಿಯುತ್ತದೆ. ಪಟ್ಟಿ ಮಾಡಿದ ಇನ್‌ಸ್ಪೆಕ್ಟರಿಗೆ ಯಾರು ಮೇಲಧಿಕಾರಿಯೋ ಅವರೇ ಮ್ಯಾಜಿಸ್ಟ್ರೇಟ್.

ಮದ್ರಾಸ್ ಹೈಕೋರ್ಟ್ 2023ರ ಮಾರ್ಚ್‌ನಲ್ಲಿ ಇದೇ ಪ್ರಶ್ನೆ ಎತ್ತಿತು. ಡಿಸಿಪಿಗಳಿಗೆ ಈ ಮುಚ್ಚಳಿಕೆಯ ಅಧಿಕಾರ ಕೊಟ್ಟಿದ್ದ ತಮಿಳುನಾಡು ಸರ್ಕಾರದ ಆದೇಶಗಳನ್ನು ರದ್ದು ಮಾಡಿತು. ಅಧಿಕಾರಗಳು ಬೇರೆ ಬೇರೆ ಕೈಯಲ್ಲಿ ಇರಬೇಕು ಅನ್ನುವ ಸಂವಿಧಾನದ ತತ್ವಕ್ಕೆ ಇದು ವಿರುದ್ಧ ಅಂತ. ಆಮೇಲೆ ಬಂದ ಹೊಸ ಸಂಹಿತೆಯ 15ನೇ ಕಲಂ ನೋಡಿದರೆ, ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿಯನ್ನು ವಿಶೇಷ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಮಾಡಬಹುದು ಅಂತ ನೇರವಾಗಿಯೇ ಬರೆದಿದೆ. ಕೋರ್ಟು ಒಂದು ಕಡೆ ಎಳೆದರೆ ಶಾಸನ ಇನ್ನೊಂದು ಕಡೆ ಎಳೆದ ಹಾಗಾಯ್ತು.

ಗಡಿಪಾರು, ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಂ: ಕಮಿಷನರ್ ಇರುವ ಕಡೆ ಅಧಿಕಾರ ಪೊಲೀಸರ ಕೈಯಲ್ಲೇ, ಉಳಿದ ಕಡೆ ಡಿಸಿ ಅಥವಾ ಉಪವಿಭಾಗಾಧಿಕಾರಿ, ಅಂದರೆ ಎಸಿ. ಬಂದೂಕಿನ ಲೈಸೆನ್ಸೂ ಹಾಗೇ. ಇದರಲ್ಲಿ ನನಗೆ ಅಷ್ಟೇನೂ ತಕರಾರಿಲ್ಲ, ಅರ್ಜಿ ಹಾಕಿದವನ ಚರಿತ್ರೆ ಪೊಲೀಸರಿಗೇ ಚೆನ್ನಾಗಿ ಗೊತ್ತಿರುತ್ತೆ.

ಹಾಗಾದರೆ ಕಮಿಷನರ್ ಬೇಡವೇ ಬೇಡ ಅಂತಲಾ? ಅಲ್ಲ. ಬೆಂಗಳೂರಿನಂಥ ಊರಲ್ಲಿ ದಿನಕ್ಕೆ ಎಷ್ಟು ಮೆರವಣಿಗೆ, ಎಷ್ಟು ಧರಣಿ, ಎಷ್ಟು ಗಣ್ಯರ ಓಡಾಟ, ಎಷ್ಟು ರಸ್ತೆ ಬಂದ್! ಪ್ರತಿಯೊಂದಕ್ಕೂ ಡಿಸಿ ಕಚೇರಿಗೆ ಕಡತ ಹೋಗಿ ಬರಬೇಕು ಅಂದರೆ ಕೆಲಸ ನಡೆಯುವುದಿಲ್ಲ. ಡಿಸಿಗೋ, ಜಮೀನು ವ್ಯಾಜ್ಯ, ಪಿಂಚಣಿ, ಚುನಾವಣೆ, ಬರ, ನೆರೆ ಅಂತ ತಲೆ ತುಂಬಾ ಕೆಲಸ. ಬೀದಿ ಹೊತ್ತಿ ಉರಿಯುವಾಗ ಯಾರು ಆದೇಶ ಕೊಡಬೇಕು ಅನ್ನುವುದರಲ್ಲಿ ಅನುಮಾನ ಇರಬಾರದು. ತಪ್ಪಾದರೆ ಯಾರನ್ನು ಕೇಳಬೇಕು ಅನ್ನುವುದೂ ಸ್ಪಷ್ಟವಾಗಿರಬೇಕು. ಎಸ್‌ಪಿ ವ್ಯವಸ್ಥೆಯಲ್ಲಿ ಏನಾದರೂ ಎಡವಟ್ಟಾದರೆ ಡಿಸಿ ಎಸ್‌ಪಿ ಕಡೆ, ಎಸ್‌ಪಿ ಡಿಸಿ ಕಡೆ ಬೆರಳು ತೋರಿಸುವುದು ಹೊಸದಲ್ಲ, ಅಲ್ವಾ?

ಠಾಣೆಗೆ ಹೋಗುವವರಿಗೆ ಏನು ವ್ಯತ್ಯಾಸ?

ಹೆಚ್ಚೇನಿಲ್ಲ. ಪರ್ಸ್ ಕಳ್ಳತನ ಆಯ್ತು, ಅಣ್ಣತಮ್ಮಂದಿರ ಜಗಳ ಆಯ್ತು ಅಂತ ದೂರು ಕೊಡುವವರಿಗೆ ಎರಡೂ ಒಂದೇ ಕಾನೂನು, ಒಂದೇ ಎಫ್‌ಐಆರ್, ಒಂದೇ 112. ನಗರದಲ್ಲಿ ಠಾಣೆಗೆ ಇನ್‌ಸ್ಪೆಕ್ಟರೇ ಇರುತ್ತಾರೆ, ಜಿಲ್ಲೆಯಲ್ಲಿ ಅನೇಕ ಕಡೆ ಸಬ್ ಇನ್‌ಸ್ಪೆಕ್ಟರ್ ಇದ್ದು ದೊಡ್ಡ ಕೇಸು ಸರ್ಕಲ್ ಇನ್‌ಸ್ಪೆಕ್ಟರಿಗೆ ಹೋಗುತ್ತದೆ. ಈಚೆಗೆ ಎಷ್ಟೋ ಠಾಣೆಗಳನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಏರಿಸಿರುವುದರಿಂದ ಈ ಅಂತರವೂ ಕಮ್ಮಿಯಾಗಿದೆ. ಕಮಿಷನರೇಟಿನಿಂದ ಸಂಚಾರ, ಸೈಬರ್, ಕ್ರೈಂ ಅಂತ ಬೇರೆ ಬೇರೆ ವಿಭಾಗ ಕಟ್ಟುವುದು ಸುಲಭ, ಅದು ನಿಜವಾದ ಲಾಭ. ಆದರೆ ಮೇಲೆ ನಾಲ್ಕು ಹೊಸ ಕುರ್ಚಿ ಹಾಕಿ ಕೆಳಗೆ ಅದೇ ಹಳೇ ಸಂಖ್ಯೆಯ ಕಾನ್‌ಸ್ಟೇಬಲ್‌ಗಳನ್ನು ಬಿಟ್ಟರೆ ರಾತ್ರಿ ಗಸ್ತಿಗೆ ಯಾರು ಬರುತ್ತಾರೆ? ಹೊಸ ಸಾಹೇಬರ ಕಚೇರಿಗೆ, ಜೀಪಿಗೆ, ಮನೆಗೆ ಅಂತ ಇದ್ದವರಲ್ಲೇ ನಾಲ್ಕು ಜನ ಕಮ್ಮಿಯಾಗುತ್ತಾರೆ.

ಗಡಿ ಎಲ್ಲಿ ಎಳೀತೀರಿ?

ಇದಕ್ಕೆ ಮಂಗಳೂರು ನೋಡಿ. 2010ರಲ್ಲಿ ಕಮಿಷನರೇಟ್ ಆಯ್ತು. ಹೆಸರಿಗೆ ನಗರ, ಆದರೆ ಮೂಡುಬಿದಿರೆ, ಮೂಲ್ಕಿ, ಕೊಣಾಜೆ, ಬಜ್ಪೆ ಎಲ್ಲಾ ಅದರೊಳಗೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಎಸ್‌ಪಿಗೆ. ಅಡ್ಯಾರ್ ಕಮಿಷನರಿಗೆ, ಅಲ್ಲಿಂದ ಸ್ವಲ್ಪ ಮುಂದೆ ಹೆದ್ದಾರಿಯಲ್ಲೇ ಸಿಗುವ ಫರಂಗಿಪೇಟೆ ಎಸ್‌ಪಿಗೆ. ಕೋಮು ಗಲಾಟೆಗೆ ಈ ಗೆರೆ ಗೊತ್ತಾ? ಈ ಕಡೆ ನಿಷೇಧಾಜ್ಞೆಗೆ ಕಮಿಷನರ್ ಸಹಿ, ಆ ಕಡೆ ಡಿಸಿ ಸಹಿ. ಒಂದೇ ದಿನ, ಒಂದೇ ಕಾರಣ, ಎರಡು ಆದೇಶ.

ಇಲ್ಲೇ ಇನ್ನೊಂದು ನೆನಪು ಮಾಡಿಕೊಳ್ಳಬೇಕು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಸತ್ತರು. ಮ್ಯಾಜಿಸ್ಟೀರಿಯಲ್ ತನಿಖೆ ಮಾಡಿದ್ದು ಉಡುಪಿಯ ಡಿಸಿ. ಕಮಿಷನರೇಟ್ ಇರುವ ಊರಿನ ಗೋಲಿಬಾರಿಗೂ ಕೊನೆಗೆ ಪೊಲೀಸ್ ಅಲ್ಲದ ಮ್ಯಾಜಿಸ್ಟ್ರೇಟನ್ನೇ ಹುಡುಕಿಕೊಂಡು ಹೋಗಬೇಕಾಯ್ತು.

ಮೈಸೂರಿನಲ್ಲಿ ಬೇರೆ ಥರದ ಪಾಠ ಇದೆ. ದಸರಾ ನಡೆಸುವ ವಿಶೇಷಾಧಿಕಾರಿ ಡಿಸಿ, ನಗರದ ಬಂದೋಬಸ್ತಿನ ಹೊಣೆ ಕಮಿಷನರದು. ಅಂದರೆ ಕಮಿಷನರ್ ಬಂದ ಮಾತ್ರಕ್ಕೆ ಡಿಸಿ ಊರು ಬಿಟ್ಟು ಹೋಗುವುದಿಲ್ಲ. ನೆರೆ ಬಂದರೂ ವಿಪತ್ತು ನಿರ್ವಹಣೆಯ ಮುಖ್ಯಸ್ಥರು ಡಿಸಿಯೇ.

ಹಾಗಾದರೆ ಯಾವುದು?

1977ರಿಂದ 81ರವರೆಗೆ ಕೆಲಸ ಮಾಡಿದ ರಾಷ್ಟ್ರೀಯ ಪೊಲೀಸ್ ಆಯೋಗ 5 ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಗಳಿಗೆ ಕಮಿಷನರೇಟ್ ಇರಲಿ ಅಂದಿತ್ತು. ಆ ಗೀಟು ಹಿಡಿದು ನೋಡಿದರೆ 2011ರ ಜನಗಣತಿಯಲ್ಲಿ ಸುಮಾರು 3.2 ಲಕ್ಷ ಜನ ಇದ್ದ ಶಿವಮೊಗ್ಗ, 4.3 ಲಕ್ಷ ಇದ್ದ ದಾವಣಗೆರೆ ಆಗಿನ ಲೆಕ್ಕದಲ್ಲಿ ಹೊರಗೇ ಉಳಿದವು. ಆಮೇಲೆ ಊರುಗಳು ಬೆಳೆದಿವೆ, ಇರಲಿ. ನನ್ನ ಪ್ರಕಾರ ತಲೆ ಎಣಿಕೆಗಿಂತ ಕೆಲಸದ ಎಣಿಕೆ ಮುಖ್ಯ. ವರ್ಷಕ್ಕೆ ಮೂರೋ ನಾಲ್ಕೋ ಸಲ, ಗಣಪತಿ ಬಿಡುವಾಗ, ಈದ್ ಮೆರವಣಿಗೆಗೆ, ಚುನಾವಣೆಗೆ ಮಾತ್ರ ಬಿಗಿ ಆದೇಶ ಬೇಕಾಗುವ ಊರಿಗೆ ಕಮಿಷನರ್ ಬೇಡ. ಆ ಮೂರು ನಾಲ್ಕು ಸಲ ಡಿಸಿ ಮತ್ತು ಎಸ್‌ಪಿ ಒಂದು ಟೇಬಲ್ಲಿಗೆ ಕೂತರೆ ಆಯ್ತು. ಅಲ್ಲಿಗೆ ಬೇಕಿರುವುದು ಇನ್ನೂ ಎರಡು ಠಾಣೆ, ಒಂದು ಸರಿಯಾದ ಸಂಚಾರ ಠಾಣೆ, ಇನ್ನಷ್ಟು ಸಿಬ್ಬಂದಿ. ಅದನ್ನು ಎಸ್‌ಪಿ ಕೆಳಗೇ ಕೊಡಬಹುದು, ಒಬ್ಬ ಹೆಚ್ಚುವರಿ ಎಸ್‌ಪಿಯನ್ನು ಪೂರ್ತಿ ನಗರಕ್ಕೇ ಬಿಡಬಹುದು.

ದಿನಾ ಬೆಳಗಾದರೆ ಇಂಥ ಆದೇಶ ಬೇಕಾಗುವ, ಊರ ಅಂಚು ಯಾವುದು ಅಂತಲೇ ಗೊತ್ತಾಗದ ಹಾಗೆ ಹಬ್ಬಿದ ಊರಿಗೆ ಕಮಿಷನರ್ ಸರಿ. ಬೆಂಗಳೂರಿಗೆ ಎಸ್‌ಪಿ ವಾಪಸ್ ಬರಲಿ ಅಂತ ಯಾರೂ ಕೇಳುವುದಿಲ್ಲ, ನಾನೂ ಕೇಳಲ್ಲ.

ನಡುವೆ ಇರುವ ಊರುಗಳಿಗೆ ಮೂರನೇ ದಾರಿಯೂ ಉಂಟು. ಕೇರಳದಲ್ಲಿ ತಿರುವನಂತಪುರ, ಕೊಚ್ಚಿ, ಕೋಯಿಕ್ಕೋಡ್‌ಗೆ ಕಮಿಷನರ್ ಇದ್ದರೂ ಮ್ಯಾಜಿಸ್ಟ್ರೇಟ್ ಅಧಿಕಾರವನ್ನು ಬಹುಕಾಲ ಕಲೆಕ್ಟರ ಬಳಿಯೇ ಉಳಿಸಿಕೊಂಡಿದ್ದರು. ನಗರಕ್ಕೆ ಬೇಕಾದ ವಿಭಾಗಗಳು, ಹಿರಿಯ ಅಧಿಕಾರಿ ಎಲ್ಲಾ ಸಿಗುತ್ತದೆ, ಸಹಿ ಮಾತ್ರ ಬೇರೆಯವರದು. ಹಲ್ಲಿಲ್ಲದ ಕಮಿಷನರ್ ಅಂತ ಪೊಲೀಸರು ಗೊಣಗುತ್ತಾರೆ, ಗೊಣಗಲಿ. ನಮ್ಮ ಮಧ್ಯಮ ಗಾತ್ರದ ಊರುಗಳಿಗೆ ನಾನು ಆರಿಸುವುದು ಇದನ್ನೇ.

ನಿಮ್ಮ ಊರಿಗೆ ಕಮಿಷನರೇಟ್ ಘೋಷಣೆ ಆದರೆ ಪಟಾಕಿ ಹೊಡೆಯುವ ಮೊದಲು ಸರ್ಕಾರದ ಅಧಿಸೂಚನೆ ತರಿಸಿಕೊಂಡು ಓದಿ. ಯಾವ ಯಾವ ಕಲಂನ ಅಧಿಕಾರ ಕೊಟ್ಟಿದ್ದಾರೆ, ಕಮಿಷನರಿಗೆ ಮಾತ್ರ ಕೊಟ್ಟಿದ್ದಾರಾ ಅಥವಾ ಡಿಸಿಪಿವರೆಗೂ ಇಳಿಸಿದ್ದಾರಾ, ಮುಚ್ಚಳಿಕೆ ಅದರಲ್ಲಿ ಸೇರಿದೆಯಾ ನೋಡಿ. ಜೊತೆಗೆ ಬಂದ ಮಂಜೂರಾತಿ ಆದೇಶದಲ್ಲಿ ಡಿಸಿಪಿ, ಎಸಿಪಿ ಸಾಲು ದಾಟಿ ಕೆಳಗೆ ಬನ್ನಿ, ಹೆಡ್ ಕಾನ್‌ಸ್ಟೇಬಲ್ ಮತ್ತು ಕಾನ್‌ಸ್ಟೇಬಲ್ ಹುದ್ದೆ ಎಷ್ಟು ಹೊಸದಾಗಿ ಕೊಟ್ಟಿದ್ದಾರೆ ಅಂತ ಎಣಿಸಿ. ಆ ಕಾಲಂ ಖಾಲಿ ಇದ್ದರೆ ನಿಮಗೆ ಸಿಕ್ಕಿದ್ದು ಒಂದು ಹೊಸ ಬೋರ್ಡು ಅಷ್ಟೇ.